ಅರ್ಧ ತಲೆಗೆ ಮೆಂತ್ಯ

ಜ್ವರ ಬಿಟ್ಟು ಎರಡೂವರೆ ತಿಂಗಳಾಗಿತ್ತು. ಹಸಿವು ಮರಳಿತ್ತು, ನಿದ್ದೆ ಬರುತ್ತಿತ್ತು, ಮೈಕೈ ನೋವೂ ಹೋಗಿತ್ತು. ಎಲ್ಲ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ ಒಂದು ದಿನ ತಲೆಗೆ ಸ್ನಾನ ಮಾಡಿ ನೋಡಿದರೆ ಬಚ್ಚಲಿನ ಜಾಲರಿಯ ಮೇಲೆ ನೀರು ಇಳಿಯದೆ ನಿಂತಿದೆ. ಬಗ್ಗಿ ಎತ್ತಿದರೆ ಕೈಗೆ ಬಂದದ್ದು ನಿಂಬೆಹಣ್ಣಿನ ಗಾತ್ರದ ಕೂದಲಿನ ಉಂಡೆ.

ಗಾಬರಿಯಲ್ಲಿ ನೇರ ಅಡುಗೆಮನೆಗೆ ಹೋದೆ. ಮುಂದಿನ ಮೂರು ವಾರಗಳಲ್ಲಿ ಅಲ್ಲಿನ ಡಬ್ಬಿಗಳ ಪೈಕಿ ನನ್ನ ತಲೆಗೆ ಏರದೆ ಉಳಿದದ್ದು ಬಹುಶಃ ಉಪ್ಪು ಮತ್ತು ಮೆಣಸಿನಪುಡಿ ಮಾತ್ರ.

ಬಾಳೆಹಣ್ಣಿನಿಂದ ಶುರು ಮಾಡಿದೆ. ಕೈಯಲ್ಲೇ ಕಿವುಚಿ ಹಚ್ಚಿಕೊಂಡು ಮುಕ್ಕಾಲು ಗಂಟೆ ಬಿಟ್ಟೆ. ತೊಳೆದ ಮೇಲೂ ಹಣ್ಣಿನ ಚೂರುಗಳು ಕೂದಲಿಗೆ ಸುತ್ತಿಕೊಂಡು, ಒಣಗಿ, ಕಂದು ಬಣ್ಣಕ್ಕೆ ತಿರುಗಿದವು. ಅವನ್ನು ಬಾಚಣಿಗೆಯಿಂದ ಎಳೆದು ತೆಗೆಯುವಾಗ ಕಿತ್ತುಬಂದ ಕೂದಲು, ಅಂದು ತಾನಾಗಿ ಉದುರಿದ್ದಕ್ಕಿಂತ ಹೆಚ್ಚಿತ್ತು. ಆಮೇಲೆ ಮೊಟ್ಟೆ. ಕೂದಲು ಪ್ರೋಟೀನ್, ಮೊಟ್ಟೆಯೂ ಪ್ರೋಟೀನ್, ಹಚ್ಚಿದರೆ ಸೇರಿಕೊಳ್ಳುತ್ತದೆ ಎಂಬ ಲೆಕ್ಕ. ಮೊಟ್ಟೆಯ ಪ್ರೋಟೀನಿನ ಅಣುಗಳು ಕೂದಲಿನ ಒಳಗೆ ನುಗ್ಗಲಾರದಷ್ಟು ದೊಡ್ಡವು. ಮೇಲೆ ಒಂದು ಪದರವಾಗಿ ಕೂರುತ್ತವೆ, ಅಷ್ಟೆ. ನನ್ನ ತಲೆಯ ಮೇಲೆ ಆ ಪದರ ಒಣಗಿ ಅಂಟು ಬಳಿದ ರಟ್ಟಿನಂತಾಯಿತು. ಎರಡು ಸಲ ತೊಳೆದರೂ ವಾಸನೆ ಹೋಗದೆ, ಆ ರಾತ್ರಿ ತಲೆದಿಂಬಿನ ಮೇಲೆ ಹಳೆಯ ಟವೆಲ್ ಹಾಸಿಕೊಂಡು ಮಲಗಿದೆ.

ಇವೆರಡಾದರೂ ನಗುವಂಥವು. ಅಡುಗೆ ಸೋಡಾ ಹಾಗಲ್ಲ. ಎಣ್ಣೆ ಜಿಡ್ಡು ಚೆನ್ನಾಗಿ ಹೋಗುತ್ತದೆ ಎಂದು ನೀರಿನಲ್ಲಿ ಕದಡಿ ಸುರಿದುಕೊಂಡೆ, ಮೇಲೆ ಹೊಳಪಿಗೆಂದು ನಿಂಬೆರಸ ಹಿಂಡಿದೆ. ಆಮ್ಲ, ಕ್ಷಾರಗಳನ್ನು ಅಳೆಯುವ ಪಿಎಚ್ ಅಳತೆಯಲ್ಲಿ (7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ನೆತ್ತಿಯ ಚರ್ಮ ಸುಮಾರು 5.5ರಲ್ಲಿದ್ದರೆ ಕೂದಲು ಇನ್ನೂ ಆಮ್ಲದ ಕಡೆಗಿದೆ. ಸೋಡಾ ನೀರು 8 ದಾಟುತ್ತದೆ. ಅಂಥ ಕ್ಷಾರ ತಗುಲಿದರೆ ಕೂದಲಿನ ಮೇಲೆ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿಕೊಂಡಿರುವ ಹುರುಪೆಗಳು ಮೇಲೇಳುತ್ತವೆ, ಎಳೆಗೆ ಎಳೆ ತಗುಲಿ ಸಿಕ್ಕಾಗುತ್ತದೆ. ನಿಂಬೆರಸವೋ 2ರ ಆಸುಪಾಸು. ಉಗುರಿನಿಂದ ಕೆರೆದುಕೊಂಡಿದ್ದ ಜಾಗಗಳಿಗೆ ಅದು ಬಿದ್ದಾಗ ಬಚ್ಚಲುಮನೆಯಲ್ಲೇ ಕುಣಿದೆ. ಒಣಗಿದ ಮೇಲೆ ತಲೆ ಮುಟ್ಟಿ ನೋಡಿದರೆ ತೆಂಗಿನ ನಾರು.

ಅಮ್ಮ ನೋಡಿ ಒಂದೇ ಮಾತು ಹೇಳಿದರು: "ಅಡುಗೆಗೂ ಒಂದೇ ದಿನ ಇಷ್ಟು ಸಾಮಾನು ಹಾಕುವುದಿಲ್ಲ."

ಅಂದೇ ಒಂದು ನೋಟ್‌ಬುಕ್ ತೆಗೆದುಕೊಂಡೆ. ಒಂದು ಸಲಕ್ಕೆ ಒಂದೇ ಪದಾರ್ಥ, ಅದೂ ಅರ್ಧ ತಲೆಗೆ ಮಾತ್ರ. ನಡು ಬೈತಲೆ ತೆಗೆದು ಎಡಗಡೆಗೆ ಹಚ್ಚುವುದು, ಬಲಗಡೆಯನ್ನು ಬರೀ ಶಾಂಪೂ ಹಾಕಿ ಬಿಡುವುದು. ನಾನು ಎಡಮಗ್ಗುಲಲ್ಲಿ ಮಲಗುವವಳು, ದಿಂಬಿಗೆ ಉಜ್ಜುವುದು ಆ ಕಡೆಯ ಕೂದಲೇ ಹೆಚ್ಚು. ಹಾಗಾಗಿ ನಾಲ್ಕು ವಾರಕ್ಕೊಮ್ಮೆ ಹಚ್ಚುವ ಕಡೆಯನ್ನು ಬದಲಾಯಿಸುತ್ತಿದ್ದೆ. ಒಣಗಿದ ಮೇಲೆ ಎರಡೂ ಕಡೆ ಬೇರೆ ಬೇರೆಯಾಗಿ ಬಾಚಿ, ಬಂದ ಕೂದಲನ್ನು ಬಿಳಿ ಕಾಗದದ ಮೇಲೆ ಹಾಕಿ ಎಣಿಸುತ್ತಿದ್ದೆ. ಇದು ಹುಚ್ಚಾಟದಂತೆ ಕಾಣುತ್ತದೆ ಎಂಬುದು ನನಗೂ ಗೊತ್ತು. ಆದರೆ ಕಣ್ಣಿಗೆ ಬೀಳದೇ ಇದ್ದ ಒಂದು ಸಂಗತಿ ಆ ಕಾಗದದ ಮೇಲೆ ಎರಡನೆಯ ವಾರಕ್ಕೇ ಕಂಡಿತು.

ಬಿದ್ದ ಕೂದಲು ಎರಡು ಬಗೆಯದು. ಒಂದು ಪೂರ್ತಿ ಉದ್ದದ್ದು. ಅದರ ಒಂದು ತುದಿಯಲ್ಲಿ ಸಾಸಿವೆಗಿಂತಲೂ ಎಷ್ಟೋ ಸಣ್ಣದಾದ ಬಿಳಿ ಗಂಟು. ಇನ್ನೊಂದು ತುಂಡು ಕೂದಲು. ಗೇಣುದ್ದವೋ ಬೆರಳುದ್ದವೋ, ಎರಡು ತುದಿಯಲ್ಲೂ ಗಂಟಿಲ್ಲ. ಮೊದಲನೆಯದು ಬುಡದಿಂದ ಉದುರಿದ್ದು, ಎರಡನೆಯದು ನಡುವೆ ಮುರಿದದ್ದು. ಕೂದಲು ಉದುರುತ್ತಿದೆ ಎಂದು ನಾವು ಒಟ್ಟಾಗಿ ಗೋಳಾಡುವುದು ಈ ಎರಡಕ್ಕೂ ಸೇರಿಸಿ.

ಆ ಕಾಗದವನ್ನು ಹಾಗೇ ಮಡಿಸಿಕೊಂಡು ಚರ್ಮದ ವೈದ್ಯೆಯ ಬಳಿಗೆ ಹೋದೆ. ಅವರು ನಗಲಿಲ್ಲ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಒಮ್ಮೆಲೇ ತೂಕ ಇಳಿಸುವುದು ಇವೆಲ್ಲ ಆದಾಗ ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ಬಳಿಕ ಒಟ್ಟಿಗೇ ಉದುರುತ್ತವೆ ಎಂದು ವಿವರಿಸಿದರು. ಅದಕ್ಕೆ ಟೆಲೋಜೆನ್ ಎಫ್ಲೂವಿಯಮ್ ಎಂದು ಹೆಸರು. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ. ಆರೋಗ್ಯವಂತರಲ್ಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಕಬ್ಬಿಣದ ಅಂಶಕ್ಕೂ ಥೈರಾಯ್ಡ್‌ಗೂ ರಕ್ತಪರೀಕ್ಷೆ ಬರೆದುಕೊಟ್ಟರು. ನನ್ನಲ್ಲಿ ಕಬ್ಬಿಣ ಕಡಿಮೆಯಿತ್ತು, ಮಾತ್ರೆ ಕೊಟ್ಟರು. ಗಂಟಿರುವ ಕೂದಲಿನ ಲೆಕ್ಕ ಅಲ್ಲಿಗೆ ಅವರ ಪಾಲಿಗೆ ಹೋಯಿತು. ಮುರಿದ ಕೂದಲಿನ ಲೆಕ್ಕ ಅಡುಗೆಮನೆಗೆ ಉಳಿಯಿತು.

ನನ್ನ ಕೈ ಹಿಡಿದದ್ದು ಮೆಂತ್ಯ. ಆದರೆ ಎಲ್ಲರೂ ಹೇಳುವ ರೀತಿಯಲ್ಲಿ ಅಲ್ಲ. ರಾತ್ರಿ ನೆನೆಹಾಕಿ ಬೆಳಗ್ಗೆ ರುಬ್ಬಿ ಹಚ್ಚಿಕೊಳ್ಳಿ ಎನ್ನುತ್ತಾರೆ. ಎಷ್ಟು ನುಣ್ಣಗೆ ರುಬ್ಬಿದರೂ ಸಿಪ್ಪೆಯ ತರಿ ಉಳಿಯುತ್ತದೆ, ತೊಳೆದ ಮೇಲೂ ನೆತ್ತಿಯಲ್ಲಿ ಕೂತಿರುತ್ತದೆ. ಮೊದಲ ಸಲ ಮೂರು ದಿನ ನನ್ನ ಭುಜದ ಮೇಲೆ ಹಳದಿ ಪುಡಿ ಉದುರುತ್ತಿತ್ತು, ನೋಡಿದವರು ಹೊಟ್ಟು ಎಂದುಕೊಂಡರು. ಕೂದಲಿಗೆ ಬೇಕಾದದ್ದು ಕಾಳಿನ ತರಿಯಲ್ಲ, ಅದರೊಳಗಿನ ಲೋಳೆ. ಹಾಗಾಗಿ ರುಬ್ಬುವುದನ್ನು ಬಿಟ್ಟು ಕುದಿಸಿ ಸೋಸುವುದಕ್ಕೆ ಬಂದೆ.

ಎರಡು ದೊಡ್ಡ ಚಮಚ ಮೆಂತ್ಯವನ್ನು ಎರಡು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸುತ್ತೇನೆ. ಬೆಳಗ್ಗೆ ಅದೇ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಕುದಿಯಲು ಇಡುತ್ತೇನೆ. ಕೈಯಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ನೀರಿನ ಸದ್ದು ಬದಲಾಗುತ್ತದೆ. ಗುಳುಗುಳು ಎನ್ನುತ್ತಿದ್ದದ್ದು ಪೊಚ್ ಪೊಚ್ ಎನ್ನತೊಡಗುತ್ತದೆ. ಚಮಚ ಎತ್ತಿದರೆ ಹನಿ ಬೀಳದೆ ದಾರದಂತೆ ಜೋತುಬೀಳಬೇಕು. ಆಗ ಇಳಿಸಿ, ಬಿಸಿ ಇರುವಾಗಲೇ ತೆಳುವಾದ ಹಳೆಯ ಹತ್ತಿ ಬಟ್ಟೆಯಲ್ಲಿ ಸೋಸಬೇಕು. ಆರಲು ಬಿಟ್ಟರೆ ಲೋಳೆ ಗಟ್ಟಿಯಾಗಿ ಬಟ್ಟೆಯಿಂದ ಇಳಿಯುವುದೇ ಇಲ್ಲ. ಒಮ್ಮೆ ಫೋನಿನಲ್ಲಿ ಮಾತಾಡುತ್ತ ಮರೆತು, ಇಡೀ ಬಟ್ಟೆಯನ್ನೇ ಎಸೆದಿದ್ದೇನೆ. ಬಟ್ಟೆಯ ಬಾಯನ್ನು ಗಂಟು ಹಾಕಿ, ಎರಡು ಚಮಚಗಳ ನಡುವೆ ಒತ್ತಿ ಹಿಂಡಿದರೆ ಕೈ ಸುಡುವುದಿಲ್ಲ. ಸಿಗುವುದು ಅರ್ಧ ಲೋಟದಷ್ಟು ತಿಳಿಹಳದಿ ಲೋಳೆ. ಅದಕ್ಕೆ ಒಂದು ಚಮಚ ಮೊಸರನ್ನು ಕಡೆದು ಸೇರಿಸುತ್ತೇನೆ. ಮೊಸರಿನ ಹುಳಿ ಕೂದಲಿಗೆ ಹಿಡಿಸುವ ಮಟ್ಟದ್ದು, ನಿಂಬೆರಸದಂತೆ ಉರಿ ಹೊತ್ತಿಸುವುದಿಲ್ಲ.

ಇದನ್ನು ನೆತ್ತಿಗೆ ಉಜ್ಜುವುದಿಲ್ಲ. ಒದ್ದೆ ಕೂದಲಿಗೆ, ಕಿವಿಯ ಮಟ್ಟದಿಂದ ಕೆಳಕ್ಕೆ, ಬೆರಳುಗಳ ನಡುವೆ ಎಳೆಯುತ್ತ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ಸಾಕು. ಒಣಗಲು ಬಿಡಬಾರದು. ತೊಳೆಯುವಾಗಲೇ ಬೆರಳಿಗೆ ಗೊತ್ತಾಗುತ್ತದೆ, ಎಳೆಗಳು ಒಂದರ ಪಕ್ಕ ಒಂದು ಜಾರುತ್ತವೆ. ವಾಸನೆಯ ವಿಷಯ ಮಾತ್ರ ಮುಚ್ಚಿಡುವುದಿಲ್ಲ: ಒಣಗಿದ ಮೇಲೆ ಇರುವುದಿಲ್ಲ, ಬೆವರಿದಾಗ ಮತ್ತೆ ಏಳುತ್ತದೆ.

ಅಗಸೆಬೀಜದ ಲೋಳೆಯೂ ಹೀಗೆಯೇ, ಇನ್ನೂ ಬೇಗ ಆಗುತ್ತದೆ, ವಾಸನೆಯೂ ಇಲ್ಲ. ಗುಂಗುರು ಕೂದಲಿನವರಿಗೆ ಅದು ಮೇಲು. ತೊಳೆಯದೆ ಹಾಗೇ ಬಿಟ್ಟರೂ ಗುಂಗುರು ಕಟ್ಟಿದಂತೆ ನಿಲ್ಲುತ್ತದೆ. ನನ್ನದು ನೇರ ಕೂದಲು, ಹೆಚ್ಚಾದರೆ ಕಡ್ಡಿಯಂತಾಗುತ್ತದೆ.

ಎಂಟು ವಾರ ಕಳೆದು ಎರಡೂ ಮಗ್ಗುಲಿನ ಲೆಕ್ಕ ಕೂಡಿಸಿದೆ. ಮೆಂತ್ಯ ಹಚ್ಚಿದ ಕಡೆ ತುಂಡು ಕೂದಲು ಹಚ್ಚದ ಕಡೆಯ ಅರ್ಧಕ್ಕಿಂತ ಕಡಿಮೆ. ಗಂಟಿರುವ ಕೂದಲು? ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಒಬ್ಬಳ ತಲೆಯ ಲೆಕ್ಕ ಇದು, ಶಾಸ್ತ್ರವಲ್ಲ. ಆದರೂ ಅಂದಿನಿಂದ ಯಾರಾದರೂ "ಇದು ಬುಡಕ್ಕೆ ಶಕ್ತಿ ಕೊಡುತ್ತದೆ" ಎಂದರೆ ನನಗೆ ಆ ಬಿಳಿ ಕಾಗದ ನೆನಪಾಗುತ್ತದೆ. ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಅದಕ್ಕೆ ಉಣಿಸಲಾಗುವುದಿಲ್ಲ, ಸವೆಯದಂತೆ ನೋಡಿಕೊಳ್ಳಬಹುದು.

ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಒಳ್ಳೆಯದು, ಕಾರಣವೂ ಸ್ಪಷ್ಟವಾಗಿದೆ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು. ಹಾಗಾಗಿ ಕೂದಲಿನೊಳಕ್ಕೆ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದಾಗ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ನೀರು ಕುಡಿದು ಕೂದಲು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪ್ರತಿ ಸ್ನಾನಕ್ಕೂ ಹೀಗಾಗಿ ಸವೆಯುತ್ತದೆ. ಎಣ್ಣೆ ಮೊದಲೇ ಒಳಗಿದ್ದರೆ ಉಬ್ಬುವುದು ಕಡಿಮೆ. ಆದ್ದರಿಂದ ನಾನು ಎಣ್ಣೆ ಹಚ್ಚುವುದು ಸ್ನಾನದ ಮೇಲಲ್ಲ, ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ. ಭುಜದುದ್ದದ ಕೂದಲಿಗೆ ಎರಡು ಸಣ್ಣ ಚಮಚ ಸಾಕು. ಹರಳೆಣ್ಣೆಯನ್ನು ಒಂದೇ ಸಲ ಪ್ರಯತ್ನಿಸಿದೆ. ಅಷ್ಟು ಅಂಟಾದ ಎಣ್ಣೆಯಲ್ಲಿ ಕೂದಲನ್ನು ತಿಕ್ಕಿ ತೊಳೆದರೆ ಜಡೆಗಟ್ಟುವ ಅಪಾಯವಿದೆ. ಉದ್ದ ಕೂದಲಿನವರು ಎಚ್ಚರ ವಹಿಸಬೇಕು.

ಎಣ್ಣೆಯ ಬಗ್ಗೆ ನಾನು ಮಾಡಿದ ದೊಡ್ಡ ತಪ್ಪು ಹೊಟ್ಟಿನ ಕಾಲದ್ದು. ನೆತ್ತಿ ಒಣಗಿ ಹೊಟ್ಟು ಏಳುತ್ತದೆ ಎಂದುಕೊಂಡು ದಿನಾ ರಾತ್ರಿ ಎಣ್ಣೆ ತಿಕ್ಕಿದೆ. ಹೊಟ್ಟಿಗೆ ಒಂದು ಮುಖ್ಯ ಕಾರಣ ಮಲಸೀಜಿಯಾ ಎಂಬ ಶಿಲೀಂಧ್ರ. ಅದು ನೆತ್ತಿಯ ಜಿಡ್ಡಿನ ಮೇಲೆಯೇ ಬದುಕುವಂಥದ್ದು. ನಾನು ಅದಕ್ಕೆ ಊಟ ಬಡಿಸುತ್ತಿದ್ದೆ. ಹತ್ತು ದಿನಕ್ಕೆ ತುರಿಕೆ ಇಮ್ಮಡಿಯಾಯಿತು. ಮೊಸರು ಹಚ್ಚಿದಾಗ ಹುರುಪೆ ನೆನೆದು ಕೂರುವುದರಿಂದ ಅಂದು ವಾಸಿಯಾದಂತೆ ಕಾಣುತ್ತಿತ್ತು, ಮರುದಿನ ಯಥಾಸ್ಥಿತಿ. ಕೊನೆಗೆ ಗುಣವಾದದ್ದು ವೈದ್ಯೆ ಬರೆದುಕೊಟ್ಟ, ಶಿಲೀಂಧ್ರವನ್ನು ಅಡಗಿಸುವ ಕೀಟೋಕೊನಜೋಲ್ ಶಾಂಪೂವಿನಿಂದ. ಮನೆಮದ್ದಿನ ಮೇಲೆ ಬರೆಯುವಾಗ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಮುಜುಗರವೇ.

ಈರುಳ್ಳಿ ರಸದ ಕುರಿತು ಕೇಳುವವರು ಬಹಳ. 2002ರ ಒಂದು ಸಣ್ಣ ಪ್ರಯೋಗದಲ್ಲಿ ಅದು ಫಲ ಕೊಟ್ಟಿರುವುದು ನಿಜ. ಆದರೆ ಅದು ನಾಣ್ಯದಗಲ ಬೋಳಾಗುವ ಅಲೋಪೇಶಿಯಾ ಏರಿಯಾಟಾ ಎಂಬ ಬೇರೆಯೇ ತೊಂದರೆಗೆ, ದಿನಕ್ಕೆರಡು ಸಲ ಹಚ್ಚಿ. ನಾನು ಎರಡು ವಾರ ಹಚ್ಚಿದೆ. ನೆತ್ತಿ ಕೆಂಪಾಯಿತು, ಮನೆಯವರು ಪಕ್ಕದಲ್ಲಿ ಕೂರುವುದನ್ನು ಬಿಟ್ಟರು.

ಇನ್ನು ಒಂದೆರಡು ರೂಢಿಗಳು. ಹೊಸದೇನನ್ನಾದರೂ ತಲೆಗೆ ಹಾಕುವ ಮುನ್ನ ಮೊಣಕೈಯ ಒಳಮಡಿಕೆಗೆ ಚೂರು ಹಚ್ಚಿ ಎರಡು ದಿನ ಕಾಯುತ್ತೇನೆ. ತಿಂದರೆ ಒಗ್ಗುವುದು ಚರ್ಮಕ್ಕೂ ಒಗ್ಗಬೇಕೆಂದಿಲ್ಲ. ಕಡಲೆ, ಕಡಲೆಕಾಯಿ ಒಗ್ಗದವರಿಗೆ ಮೆಂತ್ಯವೂ ಒಗ್ಗದೇ ಇರಬಹುದು. ಮಾಡಿದ ಲೋಳೆಯನ್ನು ಫ್ರಿಜ್‌ನಲ್ಲಿಟ್ಟರೂ ಎರಡು ದಿನ ದಾಟಿಸುವುದಿಲ್ಲ. ಐದನೆಯ ದಿನದ ಬಾಟಲಿಯ ಮುಚ್ಚಳ ತೆರೆದಾಗ ಬಂದ ಹುಳಿ ನಾತ ಇನ್ನೂ ಮರೆತಿಲ್ಲ. ಉಳಿಯುತ್ತದೆ ಎನಿಸಿದರೆ ಐಸ್ ತಟ್ಟೆಯಲ್ಲಿ ಹಾಕಿ ಗಡ್ಡೆ ಕಟ್ಟಿಸಿ, ಬೇಕಾದಾಗ ಎರಡು ಗಡ್ಡೆ ಕರಗಿಸಿಕೊಳ್ಳುತ್ತೇನೆ.

ಜ್ವರ ಬಿಟ್ಟ ಏಳನೆಯ ತಿಂಗಳಿಗೆ ಗಂಟಿರುವ ಕೂದಲು ಬೀಳುವುದು ಮೊದಲಿನ ಮಟ್ಟಕ್ಕೆ ಇಳಿಯಿತು. ತಂಗಿ ಮನೆಗೆ ಬಂದವಳು ನನ್ನ ಹಣೆಯಂಚಿನಲ್ಲಿ ಒಂದೂವರೆ ಅಂಗುಲದ ಪುಟ್ಟ ಕೂದಲುಗಳು ಎದ್ದು ನಿಂತಿರುವುದನ್ನು ನೋಡಿ, "ಅಕ್ಕ, ಮೆಂತ್ಯ ಕೆಲಸ ಮಾಡಿದೆ ನೋಡು!" ಎಂದಳು. ಕನ್ನಡಿಯ ಮುಂದೆ ಕೂರಿಸಿಕೊಂಡು ಬೈತಲೆ ಬಿಡಿಸಿ ತೋರಿಸಿದೆ. ಹೊಸ ಕೂದಲು ಎಡಕ್ಕೂ ಬಲಕ್ಕೂ ಒಂದೇ ಸಮ ಹುಟ್ಟಿತ್ತು. ಕೊನೆಯ ನಾಲ್ಕು ವಾರ ಬಲಗಡೆಗೆ ನಾನು ಏನೂ ಹಚ್ಚಿರಲಿಲ್ಲ.

ಅವಳ ಮುಖ ಸಪ್ಪಗಾಯಿತು. "ಹಾಗಾದರೆ ಇವತ್ತು ರಾತ್ರಿ ಮೆಂತ್ಯ ನೆನೆಹಾಕಲೋ ಬೇಡವೋ?"

"ಹಾಕು," ಎಂದೆ. "ರುಬ್ಬಬೇಡ, ಅಷ್ಟೆ. ಮತ್ತೆ ಸೋಸುವಾಗ ಫೋನ್ ಎತ್ತಬೇಡ."