ಅಂಗನವಾಡಿ, ಶಾಲೆ, ಪಡಿತರ: ಪೌಷ್ಟಿಕ ಆಹಾರದ ಪಾಲನ್ನು ಕೇಳಿ ಪಡೆಯುವ ಕ್ರಮ

ಪಾವಗಡ, ಮಧುಗಿರಿ, ಶಿರಾ ಕಡೆಯ ಮಳೆಯಾಶ್ರಿತ ಊರುಗಳಲ್ಲಿ ಕೂಲಿ ನಂಬಿದ ಮನೆಗಳಿಗೆ ಮುದ್ದೆ, ಅನ್ನ ಹೇಗೋ ಒದಗುತ್ತದೆ; ಬೇಳೆ, ಮೊಟ್ಟೆ, ಹಾಲು ಒದಗುವುದು ಕಷ್ಟ. ಇದಕ್ಕೆಂದೇ ಸರ್ಕಾರದ ಹಣ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಆದರೆ ಅದು ಬರುವುದು ದಾಖಲಾದ ಹೆಸರುಗಳ ಲೆಕ್ಕದಲ್ಲಿ. ಆದ್ದರಿಂದ ಮೊದಲ ಕೆಲಸ, ಮನೆಯ ಪ್ರತಿಯೊಬ್ಬರ ಹೆಸರನ್ನೂ ಪಟ್ಟಿಗೆ ಸೇರಿಸುವುದು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ (ಬಿಪಿಎಲ್ ಚೀಟಿಯ) ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅತಿ ಬಡವರಾದ ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕಿಲೋ ಧಾನ್ಯದ ಹಕ್ಕಿದೆ. ಹೊಸ ಸೊಸೆ, ಹುಟ್ಟಿದ ಮಗು ಪಡಿತರ ಚೀಟಿಗೆ ಸೇರದಿದ್ದರೆ ಆದ್ಯತಾ ಕುಟುಂಬಕ್ಕೆ ಅಷ್ಟು ಪಾಲು ಪ್ರತಿ ತಿಂಗಳೂ ತಪ್ಪುತ್ತದೆ. ಬೆಂಗಳೂರಿಗೆ ದುಡಿಯಲು ಹೋದವರು ಅದೇ ಚೀಟಿಯ ಮೇಲೆ ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಪಡಿತರ ಪಡೆಯಬಹುದು.

ಗರ್ಭಿಣಿಯರು ತಡಮಾಡದೆ ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಮಾಡಿಸಿಕೊಂಡು ಅಂಗನವಾಡಿಯಲ್ಲಿ ಹೆಸರು ಬರೆಸಬೇಕು. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಗೂ ಬಾಣಂತಿಗೂ ಮಧ್ಯಾಹ್ನದ ಬಿಸಿಯೂಟವಿದೆ. ಹೆರಿಗೆಗೆ ತವರಿಗೆ ಹೋದಾಗ ಹೆಸರು ಗಂಡನ ಊರಿನಲ್ಲೇ ಉಳಿದುಬಿಡುವುದು ನಮ್ಮಲ್ಲಿ ಸಾಮಾನ್ಯ. ಅಂಗನವಾಡಿ ಕಾರ್ಯಕರ್ತೆ ಹೆಸರು ದಾಖಲಿಸುವ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿದೆ. ಹೊರಡುವ ಮೊದಲೇ ಕಾರ್ಯಕರ್ತೆಯನ್ನು ಕೇಳಿ.

ಮಗುವಿನ ತೂಕವನ್ನು ಪ್ರತಿ ತಿಂಗಳು ಹಾಕಿಸಿ, ಬೆಳವಣಿಗೆಯ ಪಟ್ಟಿಯನ್ನು ನೀವೇ ನೋಡಿ. ತೀವ್ರ ಅಪೌಷ್ಟಿಕತೆ ಕಂಡರೆ ಮಗುವನ್ನು ಆಸ್ಪತ್ರೆಯಲ್ಲಿರುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕಾಗಬಹುದು. ಸಾಮಾನ್ಯವಾಗಿ 14 ದಿನ ಇರಬೇಕಾದ್ದರಿಂದ, ಕೂಲಿ ತಪ್ಪುತ್ತದೆಂದು ಅನೇಕ ತಾಯಂದಿರು ಒಪ್ಪುವುದಿಲ್ಲ. ಅವರ ಭಯ ನ್ಯಾಯವಾದದ್ದೇ. ಆದರೆ ಜೊತೆಗಿರುವ ತಾಯಿಗೆ ಕೂಲಿನಷ್ಟದ ಭತ್ಯೆ ಇದೆ ಎಂಬುದನ್ನು ಯಾರಾದರೂ ಮುಂಚೆಯೇ ತಿಳಿಸಬೇಕು. ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರನ್ನು ಸ್ತ್ರೀಶಕ್ತಿ ಗುಂಪಿನವರು ಗೊತ್ತುಮಾಡಿಕೊಟ್ಟರೆ ಆ ತಾಯಿ ಹೊರಡುತ್ತಾಳೆ.

ಶಾಲೆಯ ಬಿಸಿಯೂಟ, ಹಾಲು, ಮೊಟ್ಟೆಯ ವಿಷಯವನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎತ್ತಬಹುದು.

ಕೊರತೆ ಕಂಡಾಗ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ. ಯಾವ ದಿನ, ಯಾವ ಪದಾರ್ಥ, ಎಷ್ಟು ಕಡಿಮೆ ಎಂದು ಒಂದು ಹಾಳೆಯಲ್ಲಿ ಬರೆದು, ಅಂಗನವಾಡಿಯದಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಪಡಿತರದ್ದಾದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಡಿತರದ ದೂರಿಗೆ 1967 ಸಂಖ್ಯೆಯೂ ಇದೆ. ಹಕ್ಕಿನ ಧಾನ್ಯವಾಗಲಿ ಊಟವಾಗಲಿ ಸಿಗದಿದ್ದರೆ ಅದರ ಬದಲು ಹಣವಾಗಿ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಮೇಲೆ ಹೇಳಿದ ಆಹಾರ ಭದ್ರತಾ ಕಾಯ್ದೆಯ 8ನೇ ಕಲಂ ಹೇಳುತ್ತದೆ. ಅರ್ಜಿಯಲ್ಲಿ ಆ ಕಲಮನ್ನು ಹೆಸರಿಸಿ.

ಅಂಗನವಾಡಿಗೆ ನೀರು, ಅಡುಗೆಕೋಣೆ, ಕೈತೋಟ ಬೇಕಿದ್ದರೆ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳಿ, ಅದು ನಡಾವಳಿಯಲ್ಲಿ ದಾಖಲಾಗುವವರೆಗೂ ಅಲ್ಲೇ ಕುಳಿತಿದ್ದು, ಅದರ ನಕಲನ್ನು ಪಂಚಾಯಿತಿಯಿಂದ ಪಡೆದಿಟ್ಟುಕೊಳ್ಳಿ.