ರಾತ್ರಿ ಲೋಡಿನಲ್ಲಿ ಆಕಳಿಕೆ ಬಂದರೆ ಏನು ಮಾಡಬೇಕು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಏರಿಸಿ, ಹಗ್ಗ ಬಿಗಿದು, ಮುಳಬಾಗಿಲು, ನಂಗಲಿ ದಾಟಿ ಚೆನ್ನೈ ಕಡೆ ಹೋಗುವ ಡ್ರೈವರ್‌ಗಳಿಗೆ ಇದನ್ನು ಬರೆಯುತ್ತಿದ್ದೇನೆ. ನಾನೂ ಅದೇ ದಾರಿಯವನು.

ಆಕಳಿಕೆ ಬಂದ ಕೂಡಲೇ ನಮ್ಮವರು ಕಿಟಕಿ ಇಳಿಸುತ್ತಾರೆ. ಗಾಳಿ ಸಾಲುತ್ತಿಲ್ಲ ಅನ್ನುವುದು ಎಲ್ಲರ ನಂಬಿಕೆ. 1987ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಮತ್ತು ಅವರ ಜೊತೆಗಾರರು ಕಾಲೇಜು ವಿದ್ಯಾರ್ಥಿಗಳಿಗೆ ಶುದ್ಧ ಆಕ್ಸಿಜನ್ ಕೊಟ್ಟು ನೋಡಿದರು. ಆಕಳಿಕೆ ಕಮ್ಮಿಯಾಗಲಿಲ್ಲ. ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸಿದಾಗ ಉಸಿರಾಟ ಜೋರಾಯಿತು, ಆಕಳಿಕೆ ಮಾತ್ರ ಜಾಸ್ತಿಯಾಗಲಿಲ್ಲ. ಹಾಗಾಗಿ ಕಿಟಕಿ ನಂಬಿಕೊಂಡು ಗಾಡಿ ಓಡಿಸಬೇಡಿ.

ಒಂದು ಆಕಳಿಕೆ ಸುಮಾರು 6 ಸೆಕೆಂಡ್ ಇರುತ್ತದೆ. ದವಡೆ ಎಳೆಯುತ್ತದೆ, ಕಿವಿಯೊಳಗೆ ಟಪ್ ಅನ್ನುತ್ತದೆ, ಕಣ್ಣು ಕಿರಿದಾಗಿ ನೀರು ತುಂಬುತ್ತದೆ, ಎದುರಿನ ಲೈಟೆಲ್ಲ ಕಲಸಿಹೋಗುತ್ತದೆ. 60ರ ಸ್ಪೀಡಿನಲ್ಲಿದ್ದರೆ ಅಷ್ಟರಲ್ಲಿ ಗಾಡಿ 100 ಮೀಟರ್ ಹೋಗಿರುತ್ತದೆ. ಸ್ಟೇರಿಂಗ್ ಬಿಟ್ಟು ಬಾಯಿ ಮುಂದೆ ಚಿಟಿಕೆ ಹೊಡೆಯುವ ಅಭ್ಯಾಸ ಮನೆಯಲ್ಲಿರಲಿ.

ಪಕ್ಕದ ಕ್ಲೀನರ್ ಆಕಳಿಸಿದ್ದು ನೋಡಿ ನಿಮಗೂ ಒಂದು ಬಂತಾ? ಅದು ಅಂಟಿಕೊಂಡಿದ್ದು, ಗಾಬರಿ ಬೇಡ. ಮೇಲಿಂದ ಮೇಲೆ ಬರುತ್ತಿದೆ, ಕಣ್ಣೆಳೆಯುತ್ತಿದೆ, ಹಿಂದಿನ ಊರು ಯಾವಾಗ ದಾಟಿದೆವು ಅಂತ ನೆನಪಿಲ್ಲ ಅಂದರೆ ಅದು ನಿದ್ದೆಯೇ. ರಾತ್ರಿ 2ರಿಂದ 5ರವರೆಗೆ ಇದು ಜಾಸ್ತಿ.

ಹಣೆಗೆ ತಣ್ಣೀರಿನ ಟವೆಲ್ ಇಟ್ಟು ಮೂಗಿನಲ್ಲೇ ಉಸಿರಾಡಿದರೆ ಆಕಳಿಕೆ ಕಮ್ಮಿಯಾಗುತ್ತದೆ. ಮಿದುಳನ್ನು ತಂಪು ಮಾಡಲು ಆಕಳಿಕೆ ಬರುತ್ತದೆ ಅನ್ನುವ ವಿಜ್ಞಾನಿ ಆಂಡ್ರ್ಯೂ ಗ್ಯಾಲಪ್ 2007ರಲ್ಲಿ ಇಂಥದ್ದನ್ನೇ ಪರೀಕ್ಷಿಸಿದ್ದರು. ಆದರೆ ನನಗೆ ಈ ಉಪಾಯದ ಮೇಲೆ ಭಯವಿದೆ. ಆಕಳಿಕೆ ನಿಂತರೂ ನಿದ್ದೆ ಒಳಗೇ ಇರುತ್ತದೆ, ಅಲ್ವಾ? ಮನೆಯಲ್ಲಿ, ಮೀಟಿಂಗಿನಲ್ಲಿ ಮಾಡಿ. ರೋಡಿನಲ್ಲಿ ಬೇಡ.

ರೋಡಿನಲ್ಲಿ ಮಾಡಬೇಕಾದ್ದು ಇಷ್ಟು. ಬೆಳಕಿರುವ ಪೆಟ್ರೋಲ್ ಬಂಕ್ ಅಥವಾ ಡಾಬಾ ನೋಡಿ ಗಾಡಿಯನ್ನು ರೋಡಿನಿಂದ ಪೂರ್ತಿ ಒಳಗೆ ತನ್ನಿ. ಹ್ಯಾಂಡ್‌ಬ್ರೇಕ್ ಹಾಕಿ. ಮೊದಲು ಒಂದು ಸ್ಟ್ರಾಂಗ್ ಕಾಫಿ ಕುಡಿಯಿರಿ, ಆಮೇಲೆ ಫೋನಿನಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಕಾಫಿ ಮೈಗೆ ಹತ್ತಲು ಹೆಚ್ಚೂ ಕಮ್ಮಿ ಅಷ್ಟೇ ಹೊತ್ತು ಬೇಕು, ನೀವು ಏಳುವಾಗ ಅದೂ ಕೆಲಸ ಶುರು ಮಾಡಿರುತ್ತದೆ. ಎದ್ದು ಮುಖ ತೊಳೆದು, ಗಾಡಿ ಸುತ್ತ ಒಂದು ಸುತ್ತು ಹಾಕಿ, ಹಗ್ಗ ಮುಟ್ಟಿ ನೋಡಿ. ಮಂಡಿಯವರು ಫೋನಿನಲ್ಲಿ ಕೂಗಾಡಲಿ, 20 ನಿಮಿಷಕ್ಕೆ ಟೊಮೆಟೊ ಕೊಳೆಯುವುದಿಲ್ಲ. ಎದ್ದ ಮೇಲೂ ಕಣ್ಣು ತೂಗಿದರೆ ಅವತ್ತು ಗಾಡಿ ಅಲ್ಲೇ ಇರಲಿ.

ಹಗಲು ಚೆನ್ನಾಗಿ ಮಲಗಿದರೂ ಸುಮ್ನೆ ಆಕಳಿಕೆ ಬರುತ್ತಲೇ ಇದ್ದು, ಜೋರು ಗೊರಕೆಯೂ ಇದ್ದರೆ ಡಾಕ್ಟರಿಗೆ ತೋರಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ನೆಗಡಿ, ಅಲರ್ಜಿ ಮಾತ್ರೆಗಳಲ್ಲೂ ಕೆಲವು ನಿದ್ದೆ ತರಿಸುತ್ತವೆ. ಲೋಡಿಗೆ ಹೊರಡುವ ಮುಂಚೆ ತಗೊಳ್ಳುವುದಾದರೆ ಮೆಡಿಕಲ್ ಶಾಪಿನಲ್ಲಿ ಕೇಳಿಕೊಂಡೇ ತಗೊಳ್ಳಿ.