ಬೆಳಗಿನ ಚಳಿಯಲ್ಲಿ ಸಿಕ್ಕಿಬಿದ್ದ ಕೂಲಂಟ್ ಲೀಕು

"ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಇಳಿಸಲೇಬೇಕು." ನನ್ನ ಕಾರಿನ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗದೆ ಖಾಲಿಯಾಗುತ್ತಿತ್ತು. ಮೂರು ಗ್ಯಾರೇಜಿನಲ್ಲೂ ಇದೇ ಮಾತು. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ನಿನ ಮೇಲ್ಭಾಗಕ್ಕೂ (ಹೆಡ್) ಕೆಳಭಾಗಕ್ಕೂ ನಡುವಿನ ಸೀಲು, ಬದಲಿಸಲು ಹೆಡ್ ಬಿಚ್ಚಬೇಕು. ಒಬ್ಬ 28 ಸಾವಿರ ಅಂದ. ಇನ್ನೊಬ್ಬ 35ರ ಹತ್ತಿರ ಹೋದ. ಮೂರನೆಯವನು ರೇಟೇ ಹೇಳಲಿಲ್ಲ, "ಬಿಚ್ಚಿದ ಮೇಲೆ ನೋಡೋಣ" ಅಂದ. ಅದು ಇನ್ನೂ ಭಯ. ಕೊನೆಗೆ ನೋಡಿದರೆ ಹೋಗಿದ್ದು ಸುಮಾರು 700 ರೂಪಾಯಿಯ ಒಂದು ಪ್ಲಾಸ್ಟಿಕ್ ತುಂಡು. ಹುಡುಕಿಕೊಟ್ಟಿದ್ದು ಸೈಕಲ್ ಪಂಪು. ಆ ಪಂಪು ನೋಡಿ ಎಲ್ಲರೂ ನಕ್ಕಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 2012ರ ಡೀಸೆಲ್ ಹ್ಯಾಚ್‌ಬ್ಯಾಕ್. ಯಾವ ಕಂಪನಿಯದು ಅನ್ನುವುದು ಬೇಡ, ಇಂಥ ಪ್ಲಾಸ್ಟಿಕ್ ತುಂಡು ಎಷ್ಟೋ ಗಾಡಿಗಳಲ್ಲಿ ಇದೆ. ಓಡಿದ್ದು 1 ಲಕ್ಷ 40 ಸಾವಿರ ಕಿಲೋಮೀಟರ್ ಆಸುಪಾಸು. ಮನೆ ಹಾಸನದಲ್ಲಿ. ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಕೆಲಸ ಇರುತ್ತದೆ. ಕೂಲಂಟ್ ಮೇಲೆ ನಂಬಿಕೆ ಇಲ್ಲದ ಗಾಡಿಯಲ್ಲಿ ಘಾಟಿಯ ಬುಡದ ಗುಂಡ್ಯದಿಂದ ಮೇಲೆ ಹತ್ತುವುದು ಅಂದರೆ ಕಣ್ಣೆಲ್ಲ ಟೆಂಪರೇಚರ್ ಮುಳ್ಳಿನ ಮೇಲೆಯೇ, ರಸ್ತೆ ಮೇಲಲ್ಲ.

ವಾರಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರ್ ಕೂಲಂಟ್ ಖಾಲಿ. ನೆಲದ ಮೇಲೆ ಒಂದು ಹನಿ ಇಲ್ಲ. ಒಳಗೆ ಕಾರ್ಪೆಟ್ ಒಣಗಿದೆ, ಗಾಜಿಗೆ ಜಿಡ್ಡು ಮಂಜು ಕಟ್ಟುವುದಿಲ್ಲ, ಹಾಗಾಗಿ ಹೀಟರ್ ಕೋರ್ (ಕಾರಿನೊಳಗಿನ ಹೀಟರಿನ ಪುಟ್ಟ ರೇಡಿಯೇಟರ್) ಅಲ್ಲ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಕಪ್ಪಗೇ ಇದೆ, ಮಜ್ಜಿಗೆ ಬಣ್ಣ ಬಂದಿಲ್ಲ. ಕೂಲಂಟ್ ಬಾಟಲಿಯಲ್ಲಿ ಎಣ್ಣೆ ತೇಲುತ್ತಿಲ್ಲ. ಅಂದರೆ ಎರಡೂ ಬೆರೆತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆ. ಡಿಸೆಂಬರ್‌ನಲ್ಲಿ ಹಾಸನದ ಬೆಳಿಗ್ಗೆ ನನ್ನ ಬಾಯಿಂದಲೂ ಬಿಳಿ ಹೊಗೆ ಬರುತ್ತದೆ. ಆದರೆ ಮೆಕ್ಯಾನಿಕ್‌ಗಳು, ಕೂಲಂಟ್ ಎಂಜಿನ್ ಒಳಗೆ ಉರಿಯುತ್ತಿದೆ ಅಂತ, ಅದನ್ನೇ ಹಿಡಿದುಕೊಂಡರು.

ಒಂದು ಗ್ಯಾರೇಜಿನಲ್ಲಿ 800 ರೂಪಾಯಿ ತೆಗೆದುಕೊಂಡು ಪ್ರೆಶರ್ ಟೆಸ್ಟ್ ಕೂಡ ಮಾಡಿದರು, ಅಂದರೆ ಕೂಲಂಟ್ ಬಾಟಲಿಯಿಂದ ಗಾಳಿ ತುಂಬಿ ಮೀಟರಿನ ಮುಳ್ಳು ಇಳಿಯುತ್ತದಾ ಅಂತ ನೋಡುವುದು. ಮಧ್ಯಾಹ್ನ 1 ಗಂಟೆ, ಗಾಡಿ ಆಗಷ್ಟೇ ಓಡಿ ಬಂದು ಕಾದಿತ್ತು. 20 ನಿಮಿಷ ಮುಳ್ಳು ಅಲ್ಲಾಡಲಿಲ್ಲ. "ಹೊರಗೆ ಲೀಕ್ ಇಲ್ಲ, ಅಂದಮೇಲೆ ಒಳಗೇ" ಅಂದರು. ಕೇಳೋಕೆ ಸರಿಯಾಗಿಯೇ ಇದೆ, ಅಲ್ವಾ? ನಾನೂ ಒಂದು ವಾರ ನಂಬಿದ್ದೆ.

ಈಗ ನನ್ನ ಸೋಲುಗಳು. ಮೊದಲು ಕೂಲಂಟ್ ಬಾಟಲಿಯ ಕ್ಯಾಪ್ ಬದಲಿಸಿದೆ, 300 ರೂಪಾಯಿ ಚಿಲ್ಲರೆ. ಏನೂ ಆಗಲಿಲ್ಲ, ಆದರೆ ಹಳೆ ಕ್ಯಾಪ್ ಎಸೆಯದೆ ಇಟ್ಟುಕೊಂಡಿದ್ದು ಮುಂದೆ ಉಪಯೋಗಕ್ಕೆ ಬಂತು. ಆಮೇಲೆ ಹೋಸ್‌ಗಳ ಸ್ಪ್ರಿಂಗ್ ಕ್ಲಿಪ್ ತೆಗೆದು ಸ್ಕ್ರೂ ಕ್ಲಿಪ್ ಹಾಕಿ ಬಿಗಿದೆ. ಇದು ದಡ್ಡತನ. ಚಳಿಗೆ ರಬ್ಬರ್ ಕುಗ್ಗಿದಾಗ ಸ್ಪ್ರಿಂಗ್ ಕ್ಲಿಪ್ ಜೊತೆಗೇ ಕುಗ್ಗಿ ಹಿಡಿಯುತ್ತದೆ. ಸ್ಕ್ರೂ ಕ್ಲಿಪ್ ಬಿಗಿದಲ್ಲೇ ನಿಲ್ಲುತ್ತದೆ. ಇಲ್ಲದ ಜಾಗದಲ್ಲೂ ಒಂದು ಹೊಸ ಒದ್ದೆ ಶುರುವಾಯಿತು. ಹಳೆಯ ಕ್ಲಿಪ್‌ಗಳನ್ನೇ ವಾಪಸ್ ಹಾಕಿದೆ.

ಮೂರನೆಯದು ಇನ್ನೂ ಕೆಟ್ಟದ್ದು. ಯಾರೋ ಹೇಳಿದರು ಅಂತ 450 ರೂಪಾಯಿಯ ಲೀಕ್ ನಿಲ್ಲಿಸುವ ದ್ರವ ಸುರಿದೆ. ಎರಡು ದಿನ ನಿಂತ ಹಾಗೆ ಅನ್ನಿಸಿತು. ಆಮೇಲೆ ಮತ್ತೆ ಅದೇ. ಹೀಟರ್ ಮಾತ್ರ ಅರ್ಧ ತಣ್ಣಗಾಯಿತು. ಅದನ್ನು ತೊಳೆದು ತೆಗೆಯೋಕೆ ಒಂದು ಭಾನುವಾರವಿಡೀ ಹೋಯಿತು.

ವಾಟರ್ ಪಂಪಿನ ಕಣ್ಣಿನ (ಸೀಲು ಹೋದರೆ ಸೋರುವ ಸಣ್ಣ ತೂತು) ಹತ್ತಿರ ಒಣಗಿದ ಕೂಲಂಟಿನ ಗುಲಾಬಿ ಗೆರೆ ಕಂಡಾಗ ಸಿಕ್ಕಿತು ಅಂತ ಕುಣಿದೆ. ಪಂಪು, ಟೈಮಿಂಗ್ ಬೆಲ್ಟ್ ಎಲ್ಲ ಸೇರಿ 9-10 ಸಾವಿರದ ಮಾತು. ಆರ್ಡರ್ ಮಾಡುವ ಮುಂಚೆ ಆ ಗೆರೆಯನ್ನು ಬಟ್ಟೆಯಲ್ಲಿ ಒರೆಸಿ 300 ಕಿಲೋಮೀಟರ್ ಓಡಿಸಿದೆ. ಗೆರೆ ಮತ್ತೆ ಬರಲಿಲ್ಲ. ಹಳೆ ಕಲೆ. ಒರೆಸಿ ನೋಡದೆ ಪಾರ್ಟು ಕೊಳ್ಳಬೇಡಿ.

ಗ್ಯಾಸ್ಕೆಟ್ ಅಲ್ಲ ಅಂತ ನನಗೇ ಖಾತ್ರಿ ಆಗಬೇಕಿತ್ತು. ಬಾಟಲಿಯ ಬಾಯಿಗೆ ಆಸ್ಪತ್ರೆಯಲ್ಲಿ ಹಾಕುವ ರಬ್ಬರ್ ಗ್ಲೌಸ್ ಕಟ್ಟಿ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದೆ. ಹತ್ತು ನಿಮಿಷದಲ್ಲಿ ಗ್ಲೌಸ್ ಐದೂ ಬೆರಳು ಬಿಚ್ಚಿ ಎದ್ದು ನಿಂತು ಆಶೀರ್ವಾದ ಮಾಡಿತು. ನನ್ನ ಎದೆ ಧಸಕ್ಕೆಂದಿತು. 28 ಸಾವಿರ ಹೋಯಿತು ಅಂದುಕೊಂಡೆ. ಆದರೆ ಆಫ್ ಮಾಡಿ ಎರಡು ಗಂಟೆ ಬಿಟ್ಟು ನೋಡಿದರೆ ಗ್ಲೌಸ್ ಪೂರ್ತಿ ಬಾಡಿ ಕೆಳಗೆ ಬಿದ್ದಿತ್ತು. ಆಗ ಹೊಳೆಯಿತು. ಆರು ಲೀಟರ್ ಕೂಲಂಟ್ ಕಾದರೆ ಕಾಲು ಲೀಟರ್‌ನಷ್ಟು ಹಿಗ್ಗುತ್ತದೆ, ಅಷ್ಟು ಗಾಳಿಯನ್ನು ಮೇಲೆ ತಳ್ಳುತ್ತದೆ. ಸಿಲಿಂಡರಿನ ಗಾಳಿ ನುಗ್ಗುತ್ತಿದ್ದರೆ ಗ್ಲೌಸ್ ಉಬ್ಬುತ್ತಲೇ ಹೋಗಬೇಕು, ತಣ್ಣಗಾದರೂ ಪೂರ್ತಿ ಇಳಿಯಬಾರದು. ಮಾರನೇ ದಿನ ಇನ್ನೊಂದು ಪರೀಕ್ಷೆ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಸುಕಿದೆ. ಒಂದು ನಿಮಿಷದಲ್ಲೇ ಕಲ್ಲಾದರೆ ಗ್ಯಾಸ್ಕೆಟ್. ನನ್ನದು ಐದು ನಿಮಿಷವಾದರೂ ಮೆತ್ತಗಿತ್ತು. ಸಿಲಿಂಡರಿನ ಗಾಳಿ ತಾಗಿದರೆ ನೀಲಿ ದ್ರವ ಬಣ್ಣ ಬದಲಿಸುವ ಟೆಸ್ಟರನ್ನೂ ಗೆಳೆಯನಿಂದ ತಂದು ನೋಡಿದೆ, ನೀಲಿ ನೀಲಿಯಾಗೇ ಉಳಿಯಿತು. ಗ್ಯಾಸ್ಕೆಟ್ ಕಥೆ ಅಲ್ಲಿಗೆ ಮುಗಿಯಿತು, ನನ್ನ ಮಟ್ಟಿಗೆ. ಗ್ಯಾರೇಜಿನವರ ಮಟ್ಟಿಗೆ ಅಲ್ಲ.

ದಾರಿ ತೋರಿಸಿದ್ದು ಮೂಗು. ಒಂದು ದಿನ ಬೆಳಿಗ್ಗೆ ಐದೂವರೆಗೆ ಮಂಗಳೂರಿಗೆ ಹೊರಟೆ. ಮೊದಲ ಐದು ನಿಮಿಷ ಕೂಲಂಟಿನ ಸಿಹಿ ವಾಸನೆ ಬಂತು, ಬಾಗೆಯವರೆಗೆ ಹೋಗುವಷ್ಟರಲ್ಲಿ ಮಾಯ. ವಾಪಸ್ ಬರುವಾಗ ಘಾಟಿ ಹತ್ತಿ ಎಂಜಿನ್ ಚೆನ್ನಾಗಿ ಕಾದಿದ್ದರೂ ವಾಸನೆ ಇಲ್ಲ. ಅಂದರೆ ಲೀಕು ಚಳಿಯದ್ದು, ಬಿಸಿಯದ್ದಲ್ಲ. ಗ್ಯಾರೇಜಿನಲ್ಲಿ ಮಧ್ಯಾಹ್ನ ನೋಡಿದರೆ ಎಲ್ಲಿ ಸಿಗಬೇಕು? ಪ್ರೆಶರ್ ಟೆಸ್ಟನ್ನು ರಾತ್ರಿ ಹಾಕಿ ಬೆಳಗಿನವರೆಗೆ ಬಿಡಬೇಕು ಅಂತ ಪರಿಚಯದ ಮೆಕ್ಯಾನಿಕ್‌ಗೆ ಹೇಳಿದೆ. "ಗಾಡಿಗೆ ನೆಗಡಿಯಾಗಿದೆಯಾ?" ಅಂತ ನಕ್ಕ. ಅವನ ಟೂಲು ರಾತ್ರಿಗೆ ಕೊಡಲೂ ಇಲ್ಲ.

ಹಾಗಾಗಿ ನಾನೇ ಮಾಡಿಕೊಂಡೆ. ಹಳೆ ಕ್ಯಾಪಿನ ಒಳಗಿನ ಸ್ಪ್ರಿಂಗ್ ತೆಗೆದು, ನಡುವೆ ತೂತು ಕೊರೆದು, ಟ್ಯೂಬ್‌ಲೆಸ್ ಟೈರಿನ 30 ರೂಪಾಯಿಯ ವಾಲ್ವ್ ಎಳೆದು ಕೂರಿಸಿದೆ. ಮೀಟರ್ ಇರುವ ಸೈಕಲ್ ಪಂಪು ಮನೆಯಲ್ಲಿತ್ತು. ವಾಲ್ವಿನ ಸುತ್ತ ಗಾಳಿ ಹೋಗದ ಹಾಗೆ ಏನು ಹಾಕಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಎಂ-ಸೀಲ್ ಅಲ್ಲ, ಅದು ಎರಡು ಸಲ ಕೈಕೊಟ್ಟಿತು.

ಮೊದಲ ದಿನವೇ ಎಡವಟ್ಟು. ಕ್ಯಾಪಿನ ಸ್ಪ್ರಿಂಗ್ ತೆಗೆದ ಮೇಲೆ ಜಾಸ್ತಿ ಪ್ರೆಶರ್ ಬಿಡುವವರು ಯಾರೂ ಇಲ್ಲ ಅನ್ನುವುದು ತಲೆಗೆ ಬರಲಿಲ್ಲ. ಪಂಪ್ ಹೊಡೆಯುತ್ತಾ 22-23 ಪಿಎಸ್‌ಐ ದಾಟಿಸಿದೆ. ಹೀಟರಿನ ಹೋಸ್ ಕಳಚಿ ಮುಖಕ್ಕೆ ಅಭಿಷೇಕ. ತಣ್ಣಗಿದ್ದದ್ದು ಪುಣ್ಯ. ಕ್ಯಾಪಿನ ಮೇಲೆ ಬರೆದಿರುವ ಅಂಕಿಗಿಂತ ಮೇಲೆ ಹೋಗಬೇಡಿ, ನನ್ನದರಲ್ಲಿ 1.1 ಬಾರ್, ಅಂದರೆ 16 ಪಿಎಸ್‌ಐ. ಚೆಲ್ಲಿದ್ದನ್ನು ತಕ್ಷಣ ತೊಳೆದುಬಿಡಿ. ನಾಯಿ ಬೆಕ್ಕು ನೆಕ್ಕುತ್ತವೆ, ಅದು ವಿಷ.

ಎರಡನೇ ರಾತ್ರಿ ಸರಿಯಾಗಿ ಮಾಡಿದೆ. ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿದೆ. ಅನುಮಾನ ಇರುವ ಜಾಗಕ್ಕೆಲ್ಲ ಸೀಮೆಸುಣ್ಣದ ಪುಡಿ ಬ್ರಶ್‌ನಲ್ಲಿ ಹಚ್ಚಿದೆ. ಮೊದಲು ರಂಗೋಲಿ ಪುಡಿ ತೆಗೆದುಕೊಂಡಿದ್ದೆ, ಮನೆಯವಳು ಬೈದಳು, ಅದೂ ಅಲ್ಲದೆ ಅದು ಮರಳಿನ ಹಾಗೆ ಒರಟು, ಬೆಲ್ಟಿನ ಹತ್ತಿರ ಬೇಡ. ರಾತ್ರಿ 9ಕ್ಕೆ 15 ಪಿಎಸ್‌ಐ ತುಂಬಿ ಮಲಗಿದೆ. ರಾತ್ರಿ ಚಳಿ ಹತ್ತು ಡಿಗ್ರಿ ಇಳಿದರೆ ಲೀಕೇ ಇಲ್ಲದಿದ್ದರೂ ಒಂದು ಪಿಎಸ್‌ಐಯಷ್ಟು ಬೀಳುತ್ತದೆ, ಅದಕ್ಕೆ ಹೆದರಬೇಡಿ. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಮುಳ್ಳು 4ರಲ್ಲಿ ಕೂತಿತ್ತು. ಅಷ್ಟು ಚಳಿಯಲ್ಲಿ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಗೇರ್‌ಬಾಕ್ಸ್ ಕಡೆಯ ಹೆಡ್ಡಿನ ತುದಿ. ಬ್ಯಾಟರಿ ಟ್ರೇ ಹಿಂದೆ, ಏರ್ ಫಿಲ್ಟರ್ ಡಬ್ಬದ ಕೆಳಗೆ. ಅಲ್ಲಿ ಹೋಸ್‌ಗಳೆಲ್ಲ ಸೇರುವ ಕಪ್ಪು ಪ್ಲಾಸ್ಟಿಕ್ ಔಟ್‌ಲೆಟ್ ಇದೆ, ಟೆಂಪರೇಚರ್ ಸೆನ್ಸರ್ ಕೂಡ ಅದಕ್ಕೇ. ಅದರ ಬುಡದಿಂದ ಸುಣ್ಣದ ಮೇಲೆ ಒಂದು ಸಣ್ಣ ಒದ್ದೆ ಗೆರೆ ಇಳಿದು ಗೇರ್‌ಬಾಕ್ಸಿನ ಬೆನ್ನ ಮೇಲೆ ನಿಂತಿತ್ತು. ನೋಟು ಪರೀಕ್ಷೆ ಮಾಡುವ 250 ರೂಪಾಯಿ ಯುವಿ ಟಾರ್ಚ್ ಹಿಡಿದೆ. ಹಿಂದಿನ ವಾರ ಕೂಲಂಟಿಗೆ ಹಾಕಿದ್ದ, ಯುವಿ ಬೆಳಕಿಗೆ ಹೊಳೆಯುವ ಡೈ (ಬಣ್ಣ) ಅಲ್ಲೇ ಹೊಳೆಯಿತು. ಎಂಜಿನ್ ಕಾದಾಗ ಪ್ಲಾಸ್ಟಿಕ್ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಸೋರಿದ್ದು ಗೇರ್‌ಬಾಕ್ಸಿನ ಬಿಸಿಗೆ ಆವಿಯಾಗುತ್ತದೆ. ನೆಲಕ್ಕೆ ಹನಿ ಬೀಳೋದು ಹೇಗೆ?

ಅರಿಶಿನದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಳೇ ಲಾರಿ ಡ್ರೈವರ್‌ಗಳು ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುತ್ತಿದ್ದರು, ನಿಮಗೂ ಗೊತ್ತಿರುತ್ತದೆ. ಗುಜರಿಯಿಂದ ತಂದ ರೇಡಿಯೇಟರಿಗೆ ಸೂಜಿ ತೂತು ಮಾಡಿ ಪರೀಕ್ಷಿಸಿದೆ. ನಿಂತಿತು, ನಿಜ. ಆದರೆ ಕೆಳಗಿನ ನಾಳಗಳಲ್ಲಿ ಕೆಸರು ಕಟ್ಟಿತು. ನಮ್ಮ ಕಾಲದ ಸಣ್ಣ ಹೀಟರ್ ಕೋರಿಗೆ ಅದು ಬೇಡವೇ ಬೇಡ. ಇನ್ನೊಂದು ತಮಾಷೆ, ಅರಿಶಿನ ಯುವಿ ಬೆಳಕಿಗೆ ಹೊಳೆಯುತ್ತದೆ. ಡೈಗೆ ದುಡ್ಡೇಕೆ ಅಂತ ಒಂದು ಗಾಜಿನ ಬಾಟಲಿ ಕೂಲಂಟ್‌ಗೆ ಒಂದು ಚಿಟಿಕೆ ಹಾಕಿದೆ. ಹೊಳೆದದ್ದು ನಿಜ, ಆದರೆ ಪುಡಿ ತಳಕ್ಕೆ ಕೂತಿತು, ವಾರದಲ್ಲಿ ಹೊಳಪೂ ಮಂಕಾಯಿತು. ಡೈ ಕೊಳ್ಳುವುದೇ ಸುಲಭ.

ಪಾರ್ಟು ಬೆಂಗಳೂರಿನ ಜೆ.ಸಿ. ರೋಡಿನಿಂದ ತರಿಸಿದೆ. 700 ಚಿಲ್ಲರೆ, ಓ-ರಿಂಗ್ (ಸೀಲು ಮಾಡುವ ರಬ್ಬರ್ ಉಂಗುರ) ಬೇರೆ 40. ಅಲ್ಲೇ 250ಕ್ಕೂ ಒಂದು ಸಿಗುತ್ತಿತ್ತು, ಉಗುರಿನಲ್ಲಿ ಗೀರಿದರೆ ಗೆರೆ ಮೂಡುತ್ತಿತ್ತು, ಬಿಟ್ಟೆ. ಮೂರು ಬೋಲ್ಟ್. ಎರಡು ಸುಮ್ನೆ ಬಂದವು. ಮೂರನೆಯದು ಹಿಂದೆ, ಕೈಯೂ ಹೋಗದ, ಕಣ್ಣೂ ಕಾಣದ ಜಾಗ. ಗೇರ್‌ಬಾಕ್ಸ್ ಮೌಂಟ್ ಇಳಿಸದೆ ಅದನ್ನು ಹೇಗೆ ತೆಗೆದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಮೂರು ಗಂಟೆ ಬೆರಳು ಸುಲಿಸಿಕೊಂಡು ಕಲಿತದ್ದು. ಹೆಡ್ಡಿನ ಮುಖದ ಬಿಳಿ ಕಲೆಯನ್ನು ಪ್ಲಾಸ್ಟಿಕ್ ತುಂಡಿನಲ್ಲಿ ಕೆರೆದೆ, ಬ್ಲೇಡ್ ಮುಟ್ಟಿಸಲಿಲ್ಲ. ಓ-ರಿಂಗ್ ಇರುವ ಕಡೆ ಸಿಲಿಕೋನ್ ಪೇಸ್ಟ್ ಹಚ್ಚಬೇಡಿ, ರಿಂಗ್ ಜಾರಿ ಕೂರುತ್ತದೆ. ಬೋಲ್ಟನ್ನು ಗಿಡ್ಡ ಸ್ಪ್ಯಾನರಿನಲ್ಲಿ ಎರಡು ಬೆರಳಿನ ಬಲದಲ್ಲಿ ಬಿಗಿದೆ. ಪ್ಲಾಸ್ಟಿಕ್ ಅದು, ಪಂಕ್ಚರ್ ಅಂಗಡಿಯ ಚಕ್ರದ ನಟ್ಟಲ್ಲ.

ಹಳೆ ತುಂಡನ್ನು ಸುಮ್ಮನೆ ಎಸೆಯೋಕೆ ಮನಸ್ಸಾಗಲಿಲ್ಲ. ಬಾಯಿಗಳನ್ನೆಲ್ಲ ಮುಚ್ಚಿ, ಬುಡವನ್ನು ರಬ್ಬರಿನ ಮೇಲೆ ಕ್ಲಾಂಪ್ ಹಾಕಿ ಒತ್ತಿ, ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಸ್ನಾನದ ಬಿಸಿನೀರಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಫ್ರಿಜ್ಜಿನ ಐಸ್ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಇಟ್ಟೆ, ಬುಡದ ಕೂದಲೆಳೆ ಬಿರುಕಿನಿಂದ ಸಣ್ಣ ಗುಳ್ಳೆಗಳ ಸಾಲು. ಅದನ್ನು ವಿಡಿಯೋ ಮಾಡಿ ನೆಗಡಿ ಅಂದಿದ್ದ ಮೆಕ್ಯಾನಿಕ್‌ಗೆ ಕಳಿಸಿದೆ. ಉತ್ತರ ಬರಲಿಲ್ಲ.

ಕೂಲಂಟ್ ತುಂಬುವಾಗ ಇನ್ನೊಮ್ಮೆ ಎಡವಿದೆ. ಆತುರದಲ್ಲಿ ಗಾಳಿ ತೆಗೆಯಲಿಲ್ಲ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಳ್ಳು ಮೇಲೆ, ಹೀಟರಿನಿಂದ ತಣ್ಣನೆ ಗಾಳಿ. ನಿಲ್ಲಿಸಿ ತಣ್ಣಗಾಗಲು ಬಿಟ್ಟೆ. ಮನೆಯ ಮುಂದಿನ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಹೀಟರ್ ಫುಲ್ ಇಟ್ಟು, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಹೋಸ್‌ಗಳನ್ನು ಹಸುವಿನ ಕೆಚ್ಚಲಿನ ಹಾಗೆ ಹಿಂಡಿದೆ. ಮುಕ್ಕಾಲು ಲೀಟರ್ ಇನ್ನೂ ಇಳಿಯಿತು. ಬೋರ್‌ವೆಲ್ ನೀರು ಹಾಕಲಿಲ್ಲ, ನಮ್ಮ ಕಡೆಯ ನೀರು ಪಾತ್ರೆಗೇ ಬಿಳಿ ಕಟ್ಟುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು, ಕೂಲಂಟ್ ಅರ್ಧರ್ಧ. ಬರೀ ನೀರು ಹಾಸನದ ಎತ್ತರದಲ್ಲಿ, ಪ್ರೆಶರ್ ಇಲ್ಲದಿದ್ದರೆ, 97 ಡಿಗ್ರಿಗೇ ಕುದಿಯುತ್ತದೆ ಅನ್ನುವುದು ನೆನಪಿರಲಿ.

ಲೆಕ್ಕ ಹೇಳಬೇಕಲ್ಲ. ನಿಜಕ್ಕೂ ಬೇಕಾಗಿದ್ದು ಪಾರ್ಟು, ರಿಂಗು, ಕೂಲಂಟ್, ನೀರು ಸೇರಿ 2,200 ಅಂದುಕೊಳ್ಳಿ. ನನ್ನ ಪೆದ್ದುತನಕ್ಕೆ, ಅಂದರೆ ಕ್ಯಾಪು, ಕ್ಲಿಪ್ಪು, ಆ ದ್ರವ, ಗ್ಯಾರೇಜಿನ ಟೆಸ್ಟು, ನಾಲ್ಕು ತಿಂಗಳು ಸುರಿದ ಕೂಲಂಟ್‌ಗೆ ಮೇಲೆ ಒಂದು ನಾಲ್ಕು ಸಾವಿರ. ಒಟ್ಟು ಆರು ಸಾವಿರ ಚಿಲ್ಲರೆ. ಮನೆಯಲ್ಲಿ ಮಾತ್ರ ಎರಡು ಸಾವಿರ ಅಂತಲೇ ಹೇಳಿದ್ದೇನೆ.

ಬಾಟಲಿಯ ಮೇಲೆ ಉಗುರುಬಣ್ಣದಲ್ಲಿ ಗುರುತು ಹಾಕಿ ಮಂಗಳೂರಿಗೆ ಹೋಗಿಬಂದೆ, ಒಂದು ಕಡೆಗೆ 170 ಕಿಲೋಮೀಟರ್ ಹತ್ತಿರ. ವಾಪಸ್ ಬರುವಾಗ ನಾಲ್ಕು ಜನ, ಒಂದು ಡಬ್ಬ ಮೀನು, ಎಸಿ ಆನ್. ಉಪ್ಪಿನಂಗಡಿಯಲ್ಲಿ ಚಹಾ ಕುಡಿದು ಓಬಿಡಿ (ಕಾರಿನ ಕಂಪ್ಯೂಟರಿಗೆ ಚುಚ್ಚುವ ಸಾಧನ) ಹಾಕಿ ಎಂಜಿನ್ ಬಿಸಿಯನ್ನು ಮೊಬೈಲಿನಲ್ಲಿ ನೋಡುತ್ತಾ ಬಂದೆವು. ಗುಂಡ್ಯದಿಂದ ಸಕಲೇಶಪುರದವರೆಗೆ ಲಾರಿಗಳ ಹಿಂದೆ ತೆವಳುವಾಗಲೂ 98 ಡಿಗ್ರಿ ದಾಟಲಿಲ್ಲ. ಮಾರನೇ ಬೆಳಿಗ್ಗೆ ತಣ್ಣಗಿದ್ದಾಗ ನೋಡಿದರೆ ಕೂಲಂಟ್ ಬಣ್ಣದ ಗೆರೆಯಲ್ಲೇ ಇತ್ತು. ಈಗ 7 ಸಾವಿರ ಕಿಲೋಮೀಟರ್ ಆಯಿತು, ಗೆರೆ ಬಿಟ್ಟು ಇಳಿದಿಲ್ಲ.

ಹೋದ ತಿಂಗಳು ಅದೇ ಮೆಕ್ಯಾನಿಕ್ ಫೋನ್ ಮಾಡಿದ. ಒಂದು ಗಾಡಿ ಬಂದಿದೆ, ಬೆಳಿಗ್ಗೆ ಮಾತ್ರ ಕೂಲಂಟ್ ವಾಸನೆಯಂತೆ, ಆ ನಿನ್ನ ಕ್ಯಾಪ್ ಒಂದು ರಾತ್ರಿಗೆ ಕೊಡ್ತೀಯಾ ಅಂದ. ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ.